ಎಫ್‌ಪಿಎಸ್ 240 ತೋರಿಸುತ್ತದೆ, ಆದರೂ ಸರಿಯಾಗಿ ಗುಂಡು ಹಾರಿಸುವ ಹೊತ್ತಿಗೇ ಜರ್ಕ್ ಹೊಡೆಯುತ್ತದೆ. ಏನು ಮಾಡಲಿ?

ಲ್ಯಾಗಾಸುರ
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ನಾನು ಆಡುವುದು ಕೌಂಟರ್-ಸ್ಟ್ರೈಕ್ 2 (ಸಿಎಸ್2) ಅನ್ನುವ ಗುಂಡು ಹಾರಿಸುವ ಆಟ. ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ) 230, 240 ಅಂತ ತೋರಿಸುತ್ತಲೇ ಇರುತ್ತದೆ. ಆದರೆ ಪಕ್ಕದಿಂದ ಯಾರೋ ಬಂದರು, ನಾನು ಸರ್ರನೆ ತಿರುಗಿದೆ ಅನ್ನುವಷ್ಟರಲ್ಲಿ ಪರದೆ ಒಂದು ಕ್ಷಣ ತಡವರಿಸುತ್ತದೆ. ಅಷ್ಟೊತ್ತಿಗೆ ನನ್ನ ಕಥೆ ಮುಗಿದಿರುತ್ತದೆ. ಸತ್ತ ಮೇಲೆ ಗೆಳೆಯರ ಆಟ ನೋಡುತ್ತಾ ಕೂತರೆ ನೀರು ಹರಿದ ಹಾಗೆ ಓಡುತ್ತದೆ! ಅದನ್ನು ನೋಡಿ ಇನ್ನೂ ಹೊಟ್ಟೆ ಉರಿಯುತ್ತದೆ.

ಮಷೀನು: ರೈಜನ್ 5 5600, ಆರ್‌ಟಿಎಕ್ಸ್ 3060, ಡಿಡಿಆರ್4 ರ‍್ಯಾಮ್ 16 ಜಿಬಿ (8ರದ್ದು ಎರಡು), 165 ಹರ್ಟ್ಸ್ ಮಾನಿಟರ್, ವಿಂಡೋಸ್ 11. ಎಲ್ಲ ಸೆಟ್ಟಿಂಗ್ ಲೋ ಮಾಡಿದೆ. ರೆಸಲ್ಯೂಶನ್ ಇಳಿಸಿದೆ. ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಒಂದು ಉಚಿತ ಬೂಸ್ಟರ್ ಸಾಫ್ಟ್‌ವೇರ್ ಕೂಡ ಹಾಕಿ ನೋಡಿದೆ, ಅದು ತನ್ನದೇ ಜಾಹೀರಾತು ತೋರಿಸಿತೇ ಹೊರತು ಬೇರೇನೂ ಮಾಡಲಿಲ್ಲ. ಹೋದ ತಿಂಗಳು ಹೊಸ ಮೌಸ್, ಹೆಡ್‌ಸೆಟ್ ಎಲ್ಲ ತಗೊಂಡು ಜೇಬು ಖಾಲಿಯಾಗಿದೆ. ಆದ್ದರಿಂದ ದಯವಿಟ್ಟು "ಹೊಸ ಪ್ರೊಸೆಸರ್ ಹಾಕಿ" ಅನ್ನಬೇಡಿ.

ಕುರುಡು_ಸ್ನೈಪರ್
ಮೊದಲು ಇದನ್ನು ಹೇಳಿ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ, ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ಎಷ್ಟಿದೆ? ನಗಬೇಡಿ. ನಾನು 144 ಹರ್ಟ್ಸ್ ಮಾನಿಟರ್ ತಂದು ಎಂಟು ತಿಂಗಳು 60ರಲ್ಲೇ ಆಡಿದ ಆಸಾಮಿ. ಅದರ ಮೇಲೆ "ಆಹಾ, ಎಂಥಾ ವ್ಯತ್ಯಾಸ" ಅಂತ ಎಲ್ಲರ ಹತ್ತಿರ ಕೊಚ್ಚಿಕೊಂಡಿದ್ದೆ ಬೇರೆ.

ಲ್ಯಾಗಾಸುರ
165 ಇದೆ. ಈಗಷ್ಟೇ ನೋಡಿದೆ.

ಗುರಿಗಾತಿ
ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿಲ್ಲ ತಾನೇ? ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಬೇಕು.

ಬಯೋಸ್_ಬಸಣ್ಣ
5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ ತಾಯಿ. ಮದರ್‌ಬೋರ್ಡಿಗೆ ಚುಚ್ಚಿದ್ದರೆ ಪರದೆ ಕಪ್ಪಾಗಿಯೇ ಇರುತ್ತಿತ್ತು. 5600ಜಿ ಆಗಿದ್ದರೆ ನಿಮ್ಮ ಪ್ರಶ್ನೆ ಸರಿ.

ಗುರಿಗಾತಿ
ಓಹ್ ಹೌದಲ್ವಾ. ಹಿಂದಕ್ಕೆ ತಗೊಂಡೆ.

ತಂತಿಜಾಲ
ಇದು ನೆಟ್ ಸಮಸ್ಯೆ. ವೈಫೈ ಬಿಟ್ಟು ತಂತಿ ಹಾಕಿ. ಮುಗೀತು.

ಫ್ರೇಮ್_ಲೆಕ್ಕಿಗ
@ತಂತಿಜಾಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಇದು. ನೆಟ್ ಕೆಟ್ಟರೆ ಎದುರಾಳಿ ಇದ್ದ ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತಾನೆ. ನೀವು ಓಡುತ್ತಿದ್ದರೆ ಯಾರೋ ಹಿಂದಕ್ಕೆ ಎಳೆದ ಹಾಗಾಗುತ್ತದೆ. ಆದರೆ ಆಗಲೂ ಮೌಸ್ ತಿರುಗಿಸಿದರೆ ಗೋಡೆ, ಬಾಗಿಲು ಎಲ್ಲ ನುಣ್ಣಗೇ ತಿರುಗುತ್ತವೆ. ನೋಟ ತಿರುಗಿಸುವುದು ನಿಮ್ಮ ಕಂಪ್ಯೂಟರ್ ಕೆಲಸ. ಅದು ಸರ್ವರ್ ಅಪ್ಪಣೆಗೆ ಕಾಯುವುದಿಲ್ಲ. ಇಡೀ ಪರದೆಯೇ ತಡವರಿಸುತ್ತದೆ ಅಂದರೆ ಕಳ್ಳ ಮನೆಯೊಳಗೇ ಇದ್ದಾನೆ.

@ಲ್ಯಾಗಾಸುರ, ಮೂಲೆಯ ಆ ಅಂಕಿಯನ್ನು ನಂಬಬೇಡಿ. 240 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ ಸುಮಾರು 4.2 ಮಿಲಿಸೆಕೆಂಡ್. ಒಂದು ಸೆಕೆಂಡಿನಲ್ಲಿ ಒಂದೇ ಒಂದು ಫ್ರೇಮ್ 50 ಮಿಲಿಸೆಕೆಂಡ್ ತಗೊಂಡಿತು ಅಂತಿಟ್ಟುಕೊಳ್ಳಿ. ಆ ಸೆಕೆಂಡಿನ ಲೆಕ್ಕ 240ರಿಂದ 229ಕ್ಕೆ ಇಳಿಯುತ್ತದೆ, ಅಷ್ಟೇ. ಅಂಕಿ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ಆದರೆ ನಿಮ್ಮ 165 ಹರ್ಟ್ಸ್ ಪರದೆ ಅಷ್ಟು ಹೊತ್ತಿನಲ್ಲಿ ಎಂಟು ಸಲ ಅದೇ ಹಳೆಯ ಚಿತ್ರವನ್ನೇ ತೋರಿಸಿರುತ್ತದೆ. ಕಣ್ಣಿಗೆ ಹೊಡೆಯುವುದು ಅದು. ಸರಾಸರಿ ಬಿಡಿ, ಫ್ರೇಮ್ ಟೈಮ್, ಅಂದರೆ ಒಂದೊಂದು ಫ್ರೇಮಿಗೆ ಹಿಡಿದ ಹೊತ್ತು ಅಳೆಯಿರಿ. ಕ್ಯಾಪ್‌ಫ್ರೇಮ್‌ಎಕ್ಸ್ ಅನ್ನುವ ಉಚಿತ ಸಾಧನ ಇದೆ. ಒಂದು ಡೆತ್‌ಮ್ಯಾಚ್ ಆಡಿ, ಸರಾಸರಿ ಎಷ್ಟು, 1% ಲೋ (ಅತಿ ನಿಧಾನದ 1% ಫ್ರೇಮ್‌ಗಳ ಎಫ್‌ಪಿಎಸ್) ಎಷ್ಟು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಶೇಕಡಾ ದುಡಿಯುತ್ತಿತ್ತು, ಈ ಮೂರು ಹೇಳಿ. ಆಮೇಲೆ ಮಾತಾಡೋಣ.

ಟ್ವೀಕ್_ರಾಜ
ಅಳೆಯುವುದು ಗಿಳೆಯುವುದು ಎಲ್ಲ ಟೈಮ್ ವೇಸ್ಟ್. ನಾನು ಪ್ರತಿ ಸಲ ವಿಂಡೋಸ್ ಹಾಕಿದ ಕೂಡಲೇ ಇಷ್ಟು ಮಾಡುತ್ತೇನೆ: ಎಂಎಸ್‌ಕಾನ್ಫಿಗ್‌ನಲ್ಲಿ ಬೂಟ್ ಒಳಗೆ ಹೋಗಿ ಪ್ರೊಸೆಸರ್ ಸಂಖ್ಯೆ ಪೂರ್ತಿ ಕೊಡಿ. ಎಚ್‌ಪಿಇಟಿ ಆಫ್. ಗೇಮ್ ಮೋಡ್ ಆಫ್. ರಿಜಿಸ್ಟ್ರಿಯಲ್ಲಿ ನೆಟ್‌ವರ್ಕ್ ಥ್ರಾಟ್ಲಿಂಗ್ ತೆಗೆಯಿರಿ. ಲಾಂಚ್ ಆಪ್ಶನ್‌ನಲ್ಲಿ -ಹೈ (ಆಟಕ್ಕೆ ಹೆಚ್ಚು ಆದ್ಯತೆ), -ಥ್ರೆಡ್ಸ್ 12, -ಟಿಕ್‌ರೇಟ್ 128 ಹಾಕಿ. ಬೇಡದ ಸರ್ವಿಸ್ ನಲವತ್ತು ಇವೆ, ಎಲ್ಲ ನಿಲ್ಲಿಸಿ. ರಾಕೆಟ್ ಆಗುತ್ತದೆ.

ಬಯೋಸ್_ಬಸಣ್ಣ
ರಾಜಣ್ಣ, ಒಂದೊಂದಾಗಿ ನೋಡೋಣ.

ಎಂಎಸ್‌ಕಾನ್ಫಿಗ್‌ನ ಆ ಪ್ರೊಸೆಸರ್ ಪಟ್ಟಿ ಇರುವುದು ಕೋರ್‌ಗಳನ್ನು ಕಡಿಮೆ ಮಾಡಿ ಪರೀಕ್ಷಿಸುವವರಿಗೆ. ಟಿಕ್ ಹಾಕದೇ ಬಿಟ್ಟರೆ ವಿಂಡೋಸ್ ಇರುವ ಕೋರ್ ಎಲ್ಲವನ್ನೂ ತಾನೇ ಬಳಸುತ್ತದೆ. ನೀವು ಟಿಕ್ ಹಾಕಿ ಪೂರ್ತಿ ಸಂಖ್ಯೆ ಕೊಟ್ಟರೆ ಸಿಗುವುದು ಮೊದಲೇ ಇದ್ದದ್ದು. ಅದರ ಪಕ್ಕದಲ್ಲೇ ಮ್ಯಾಕ್ಸಿಮಮ್ ಮೆಮೊರಿ ಅಂತ ಇನ್ನೊಂದು ಇದೆ. ಅದನ್ನು ಮುಟ್ಟಿ ಅಂಕಿ ತಪ್ಪು ಕೊಟ್ಟು ಮಷೀನ್ ಏಳದ ಹಾಗೆ ಮಾಡಿಕೊಂಡವರನ್ನು ನಾನೇ ರಿಪೇರಿ ಮಾಡಿ ಕಳಿಸಿದ್ದೇನೆ.

-ಟಿಕ್‌ರೇಟ್ 128 ಇದರ ಹಿಂದಿನ ಆಟ ಸಿಎಸ್:ಜಿಒ ಕಾಲದ್ದು. 2023ರ ಸೆಪ್ಟೆಂಬರ್‌ನಲ್ಲಿ ಸಿಎಸ್2 ಬಂದಾಗಲೇ ಸಬ್‌ಟಿಕ್ (ನೀವು ಗುಂಡು ಹಾರಿಸಿದ ನಿಖರ ಕ್ಷಣವನ್ನೇ ಸರ್ವರ್ ಲೆಕ್ಕಕ್ಕೆ ತಗೊಳ್ಳುವ ರೀತಿ) ಬಂತು. ಈಗ ಆ ಸಾಲು ಹಾಕಿದರೂ ಒಂದೇ, ಬಿಟ್ಟರೂ ಒಂದೇ. -ಥ್ರೆಡ್ಸ್ ಹಾಕಿದರೆ ಆಟ ತನಗೆ ಬೇಕಾದ ಹಾಗೆ ಹಂಚಿಕೊಳ್ಳುವುದನ್ನು ನೀವೇ ಕೆಡಿಸುತ್ತೀರಿ. ಗೇಮ್ ಮೋಡ್ ಆನ್ ಇರಲಿ. ಆಡುವಾಗ ಅಪ್‌ಡೇಟ್ ಬಂದು ಅಡ್ಡ ಮಲಗದ ಹಾಗೆ ಅದು ನೋಡಿಕೊಳ್ಳುತ್ತದೆ.

ಟ್ವೀಕ್_ರಾಜ
ನನಗೆ ಫರಕ್ ಬಂದಿದೆ ಸರ್. ಅನುಭವದ ಮಾತು.

ಬಯೋಸ್_ಬಸಣ್ಣ
ಅಳೆದಿರಾ?

ಟ್ವೀಕ್_ರಾಜ
ಅನಿಸಿತು.

ಫ್ರೇಮ್_ಲೆಕ್ಕಿಗ
😐

ಮೂಲೆಯಲ್ಲಿ_ಕೂತವ
ಸರ್ವಿಸ್ ನಿಲ್ಲಿಸುವ ವಿಷಯಕ್ಕೆ ನನ್ನದೊಂದು ಕಥೆ ಇದೆ. ಯಾರೋ ಕೊಟ್ಟ ಸ್ಕ್ರಿಪ್ಟ್ ಓಡಿಸಿದೆ, ಓದಿ ಕೂಡ ನೋಡಲಿಲ್ಲ. ಮುಗಿದ ಮೇಲೆ ಹಿನ್ನೆಲೆ ಪ್ರೋಗ್ರಾಂ ಏನೋ ಕಡಿಮೆಯಾಗಿತ್ತು, ಖುಷಿಯಾಯಿತು. ಮಾರನೇ ದಿನ ಮೈಕ್ ಇಲ್ಲ. ಬ್ಲೂಟೂತ್ ಇಲ್ಲ. ಅದೇ ಉತ್ಸಾಹದಲ್ಲಿ ಇನ್ನೊಂದು ಗೈಡ್ ನೋಡಿಕೊಂಡು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡ್ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಆಫ್ ಮಾಡಿದ್ದೆ. ವ್ಯಾಲೊರಂಟ್ ತೆರೆದರೆ ವ್ಯಾನ್ 9001 ಅಂತ ಎರರ್. ವಿಂಡೋಸ್ 11ರಲ್ಲಿ ಆ ಆಟಕ್ಕೆ ಟಿಪಿಎಂ 2.0 (ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ ಎರಡೂ ಬೇಕು ಅಂತ ಆಗ ಗೊತ್ತಾಯಿತು. ಕೊನೆಗೆ ಎಲ್ಲ ಅಳಿಸಿ ವಿಂಡೋಸ್ ಮತ್ತೆ ಹಾಕಿದೆ. ಉಳಿಸಲು ಹೊರಟಿದ್ದು ಮಿಲಿಸೆಕೆಂಡ್, ಕಳೆದದ್ದು ಇಡೀ ಭಾನುವಾರ.

ಗುರಿಗಾತಿ
ನೀವು ಭಾನುವಾರ ಕಳೆದುಕೊಂಡಿರಿ. ಅಕೌಂಟೇ ಕಳೆದುಕೊಂಡವರಿದ್ದರು, ನೆನಪಿದೆಯಾ? 2023ರ ಅಕ್ಟೋಬರ್‌ನಲ್ಲಿ ಎಎಂಡಿ ಡ್ರೈವರ್‌ನ ಆಂಟಿ-ಲ್ಯಾಗ್ ಪ್ಲಸ್ ಅನ್ನುವ ಸೌಲಭ್ಯ ಸಿಎಸ್2ಗೂ ಬಂತು. ಅದು ಆಟದ ಡಿಎಲ್‌ಎಲ್ (ಪ್ರೋಗ್ರಾಂ ಫೈಲ್) ಒಳಗೇ ಕೈ ಹಾಕುತ್ತಿತ್ತು. ಸಿಎಸ್2ನಲ್ಲಿ ಅದನ್ನು ಆನ್ ಮಾಡಿದವರಿಗೆ ಚೀಟ್ ಮಾಡಿದ್ದೀರಿ ಅಂತ ಆಟ ಮಾಡಿದ ವಾಲ್ವ್ ಕಂಪನಿಯ ಚೀಟ್-ತಡೆ ವ್ಯವಸ್ಥೆ ವ್ಯಾಕ್‌ನಿಂದ ಬ್ಯಾನ್ ಬಿತ್ತು. ಎಎಂಡಿ ಆಮೇಲೆ ಅದನ್ನು ಹಿಂದಕ್ಕೆ ತಗೊಂಡಿತು, ವಾಲ್ವ್ ಬ್ಯಾನ್‌ಗಳನ್ನು ತೆಗೆಯಿತು. ಮುಂದೆ ಆಂಟಿ-ಲ್ಯಾಗ್ 2 ಬಂದದ್ದು ಆಟದವರೇ ಒಳಗೆ ಸೇರಿಸುವ ರೀತಿಯಲ್ಲಿ. ಕಾರ್ಡ್ ಮಾಡಿದವರ ಡ್ರೈವರ್‌ಗೇ ಆ ಗತಿ. ಇನ್ನು ಎಲ್ಲಿಂದಲೋ ಇಳಿಸಿಕೊಂಡ ಬೂಸ್ಟರ್‌ಗೆ ಆಟದೊಳಗೆ ಕೈ ಹಾಕಲು ಬಿಡುತ್ತೀರಾ?

ಲ್ಯಾಗಾಸುರ
ಬೂಸ್ಟರ್ ತೆಗೆದೆ, ಬೈಯಬೇಡಿ 🙏

ಅಳೆದೆ. ಸರಾಸರಿ 238. 1% ಲೋ 71. ಗ್ರಾಫಿಕ್ಸ್ ಕಾರ್ಡ್ 50, 55 ಶೇಕಡಾ ಅಷ್ಟೇ ದುಡಿಯುತ್ತಿತ್ತು. ಗ್ರಾಫ್ ನೋಡಿದರೆ ಇಸಿಜಿ ಥರ ಇದೆ.

ಫ್ರೇಮ್_ಲೆಕ್ಕಿಗ
ನೋಡಿ, ಈಗ ದಾರಿ ಕಾಣಿಸಿತು. ಗ್ರಾಫಿಕ್ಸ್ ಕಾರ್ಡ್ ಅರ್ಧ ಹೊತ್ತು ಕೈ ಕಟ್ಟಿ ಕೂತಿದೆ. ಅಂದರೆ ಅದಕ್ಕೆ ಕೆಲಸ ಕೊಡುವ ಪ್ರೊಸೆಸರ್ ಅಥವಾ ಪ್ರೊಸೆಸರ್‌ಗೆ ಡೇಟಾ ತಂದುಕೊಡುವ ರ‍್ಯಾಮ್ ತಡ ಮಾಡುತ್ತಿದೆ. ಇಂಥ ಕಡೆ ರೆಸಲ್ಯೂಶನ್ ಇಳಿಸಿ, ಟೆಕ್ಸ್ಚರ್ ಲೋ ಮಾಡಿ ಏನೂ ಸಿಗುವುದಿಲ್ಲ. ಆ ಭಾರ ಹೊರುತ್ತಿದ್ದದ್ದು ಸುಮ್ನೆ ಕೂತಿರುವ ಕಾರ್ಡ್ ತಾನೇ? ಕಣ್ಣಿಗೆ ಚಿತ್ರ ಕೆಟ್ಟದ್ದಾಯಿತು, ಲಾಭ ಸೊನ್ನೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ತೆರೆಯಿರಿ. ಸ್ಪೀಡ್ ಎಷ್ಟಿದೆ?

ಲ್ಯಾಗಾಸುರ
2133. ಪೆಟ್ಟಿಗೆ ಮೇಲೆ 3200 ಅಂತ ಬರೆದಿದೆಯಲ್ಲ?!

ಬಯೋಸ್_ಬಸಣ್ಣ
ಸಿಕ್ಕಿತು ಒಂದು.

ಪೆಟ್ಟಿಗೆ ಮೇಲಿನ ವೇಗ ತಾನಾಗಿ ಬರುವುದಿಲ್ಲ. ಯಾವ ಮದರ್‌ಬೋರ್ಡಿನಲ್ಲೂ ಏಳಲಿ ಅಂತ ರ‍್ಯಾಮ್ ಮೊದಲು ಸುರಕ್ಷಿತ ವೇಗದಲ್ಲಿ ಏಳುತ್ತದೆ. ಡಿಡಿಆರ್4ಗೆ ಅದು ಸಾಮಾನ್ಯವಾಗಿ 2133, 2400, 2666 ಹೀಗೆ. ಪೂರ್ತಿ ವೇಗ ಬೇಕಾದರೆ ಬಯೋಸ್ ಒಳಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಬೇಕು. ಕೆಲವು ಎಎಂಡಿ ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಅಂತ ಹೆಸರು. ಡಿಡಿಆರ್5ನಲ್ಲಾದರೆ ಎಕ್ಸ್‌ಪೋ ಅಂತಲೂ ಇರುತ್ತದೆ. ಹೆಸರು ಬೇರೆ, ಕೆಲಸ ಒಂದೇ.

ಕೇಸ್ ತೆರೆದು ಇನ್ನೊಂದು ನೋಡಿ. ರ‍್ಯಾಮ್ ಯಾವ ಸ್ಲಾಟ್‌ಗಳಲ್ಲಿ ಕೂತಿದೆ? ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ರಲ್ಲಿ ಇರಬೇಕು. ಅಕ್ಕಪಕ್ಕ 1, 2ರಲ್ಲಿ ಚುಚ್ಚಿದರೆ ಎರಡೂ ಒಂದೇ ಚಾನೆಲ್‌ಗೆ ಬೀಳುತ್ತವೆ. ಎರಡು ಬಾಗಿಲಿನ ಮನೆಯಲ್ಲಿ ಒಂದಕ್ಕೆ ಬೀಗ ಹಾಕಿ ಎಲ್ಲರೂ ಇನ್ನೊಂದರಲ್ಲೇ ನುಗ್ಗಾಡಿದ ಹಾಗೆ. ಚಾನೆಲ್ ಒಂದೋ ಎರಡೋ ಅಂತ ಸಿಪಿಯು-ಜಡ್ ತೋರಿಸುತ್ತದೆ.

ಕುರುಡು_ಸ್ನೈಪರ್
ಸಿಪಿಯು-ಜಡ್ ನೋಡಿ ಹೆದರಬೇಡಿ. ಅದು 3200ರ ರ‍್ಯಾಮ್‌ಗೆ 1600 ಅಂತ ತೋರಿಸುತ್ತದೆ. ಡಿಡಿಆರ್ ಒಂದು ಏಟಿಗೆ ಎರಡು ಸಲ ಡೇಟಾ ಕಳಿಸುತ್ತದೆ, ಅದಕ್ಕೇ ಅರ್ಧ. ನಾನು ಇದು ಗೊತ್ತಿಲ್ಲದೆ ಅಂಗಡಿಯವರ ಜೊತೆ ಜಗಳಕ್ಕೇ ಹೋಗಿದ್ದೆ. ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ.

ಸ್ಟ್ರೆಚ್_ಪ್ರೇಮಿ
ರೆಸಲ್ಯೂಶನ್ ಇಳಿಸಿ ಲಾಭ ಇಲ್ಲ ಅಂದರಲ್ಲ, ಒಪ್ಪುವುದಿಲ್ಲ. ಪ್ರೊ ಆಟಗಾರರಲ್ಲಿ ಎಷ್ಟೊಂದು ಜನ 1280x960, 4:3 ಸ್ಟ್ರೆಚ್ ಹಾಕುತ್ತಾರೆ. ಅವರೆಲ್ಲ ದಡ್ಡರಾ?

ಫ್ರೇಮ್_ಲೆಕ್ಕಿಗ
ದಡ್ಡರಲ್ಲ, ಅವರ ಕಾರಣ ಬೇರೆ. ಸ್ಟ್ರೆಚ್ ಮಾಡಿದರೆ ಎದುರಾಳಿ ಅಗಲವಾಗಿ ಕಾಣುತ್ತಾನೆ, ಕೆಲವರಿಗೆ ಗುರಿ ಇಡಲು ಹಿತ. ಎಷ್ಟೋ ಜನರಿಗೆ ಹಳೆಯ ಅಭ್ಯಾಸ. ಆದರೆ ಸಿಎಸ್‌ನಲ್ಲಿ 16:9ಕ್ಕೆ ಅಡ್ಡನೋಟ ಸುಮಾರು 106 ಡಿಗ್ರಿ, 4:3ಕ್ಕೆ 90. ಎರಡೂ ಪಕ್ಕ ಒಂದಿಷ್ಟು ಕತ್ತರಿಸಿ ಹೋಗುತ್ತದೆ. ಅಗಲ ಕಾಣುವ ಎದುರಾಳಿ ಅಷ್ಟೇ ವೇಗವಾಗಿ ಪರದೆ ದಾಟುತ್ತಾನೆ ಕೂಡ.

ಸ್ಟ್ರೆಚ್_ಪ್ರೇಮಿ
ಪಕ್ಕದಿಂದ ಬಂದವನು ಕಾಣದಿದ್ದರೂ ಪರವಾಗಿಲ್ಲ, ಎದುರಿಗಿರುವವನು ದಪ್ಪಗೆ ಕಾಣಬೇಕು ನನಗೆ.

ಮೂಲೆಯಲ್ಲಿ_ಕೂತವ
ವ್ಯಾಲೊರಂಟ್‌ನಲ್ಲಿ ಅದೂ ಇಲ್ಲ. ಅಲ್ಲಿ ಅಡ್ಡನೋಟ 103 ಡಿಗ್ರಿಗೇ ಕಟ್ಟುಹಾಕಿದ್ದಾರೆ. ಸ್ಟ್ರೆಚ್ ಹಾಕಿದರೆ ಮ್ಯಾಪು, ಅಕ್ಷರ ಉಬ್ಬುತ್ತವೆ, ಎದುರಾಳಿ ಉಬ್ಬುವುದಿಲ್ಲ. ಆದರೂ ಹಾಕಿಕೊಂಡು ಕೂರುವವರಿದ್ದಾರೆ.

ಗುರಿಗಾತಿ
ಎಲ್ಲ ಲೋ ಮಾಡುವ ಅಭ್ಯಾಸದ ಬಗ್ಗೆ ನನಗೂ ಒಂದು ತಕರಾರು ಇದೆ. ಸಿಎಸ್2ನಲ್ಲಿ ನೆರಳಿನ ಸೆಟ್ಟಿಂಗ್ ಅಂದರೆ ಬರೀ ಅಂದ ಅಲ್ಲ, ಮಾಹಿತಿ. ಡೈನಮಿಕ್ ಶ್ಯಾಡೋಸ್ ಆಲ್ ಅಂತ ಇಟ್ಟರೆ ಮೂಲೆಯ ಆಚೆ ನಿಂತವನ ನೆರಳು ಈಚೆಗೆ ಬಿದ್ದದ್ದು ಕಾಣುತ್ತದೆ. ಎಷ್ಟೋ ಸಲ ನೆರಳನ್ನು ನೋಡಿಯೇ ಕಾದು ಹೊಡೆದಿದ್ದೇನೆ. ಕಾರ್ಡ್ ಹೇಗೂ ಸುಮ್ನೆ ಕೂತಿದೆ ಅಂದಮೇಲೆ ಅದಕ್ಕೆ ನೆರಳಿನ ಕೆಲಸ ಕೊಡಿ. ಬೂಸ್ಟ್ ಪ್ಲೇಯರ್ ಕಾಂಟ್ರಾಸ್ಟ್ ಆನ್ ಇರಲಿ. ಹಲ್ಲುಹಲ್ಲಾಗಿ ಕಾಣುವ ಅಂಚು ದೂರದ ತಲೆಯನ್ನು ನುಂಗುತ್ತದೆ, ಅದಕ್ಕೆ ಎಂಎಸ್‌ಎಎ ಸ್ವಲ್ಪವಾದರೂ ಹಾಕಿ.

ಸುಮ್ನಿರೋನು
ವಿಸಿಂಕ್ ಆಫ್ ಮಾಡಿದ್ದೀರಾ?

ತಂತಿಜಾಲ
ವಿಸಿಂಕ್ ಯಾವತ್ತೂ ಆಫ್. ಇದರಲ್ಲಿ ಚರ್ಚೆಯೇ ಇಲ್ಲ.

ಫ್ರೇಮ್_ಲೆಕ್ಕಿಗ
ಚರ್ಚೆ ಇದೆ 🙂 ವಿಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟುವುದು) ಒಂದನ್ನೇ ಹಾಕಿದರೆ ಫ್ರೇಮ್‌ಗಳು ಸರದಿಯಲ್ಲಿ ಕಾಯುತ್ತವೆ, ಮೌಸ್ ಕೆಸರಿನಲ್ಲಿ ಎಳೆದ ಹಾಗಾಗುತ್ತದೆ. ಅದು ನಿಜ. ಆದರೆ ಜಿ-ಸಿಂಕ್ (ಪರದೆಯೇ ಫ್ರೇಮ್‌ಗಳ ವೇಗಕ್ಕೆ ಹೊಂದಿಕೊಳ್ಳುವುದು), ವಿಸಿಂಕ್, ರಿಫ್ಲೆಕ್ಸ್ (ತಡ ಕಡಿಮೆ ಮಾಡುವ ಸೆಟ್ಟಿಂಗ್) ಮೂರನ್ನೂ ಒಟ್ಟಿಗೆ ಹಾಕಿದರೆ ಆಟ ಬೇರೆ. ಆಗ ರಿಫ್ಲೆಕ್ಸ್ ಎಫ್‌ಪಿಎಸ್ ಅನ್ನು ಮಾನಿಟರ್ ವೇಗಕ್ಕಿಂತ ಸ್ವಲ್ಪ ಕೆಳಗೇ ಕಟ್ಟಿಹಾಕುತ್ತದೆ. 144ಕ್ಕೆ 138, 240ಕ್ಕೆ 224 ಆಸುಪಾಸು. ಮೇಲಿನ ಮಿತಿ ತಾಗುವುದೇ ಇಲ್ಲ, ಆದ್ದರಿಂದ ವಿಸಿಂಕ್ ಸರದಿ ಕಟ್ಟುವ ಸಂದರ್ಭವೇ ಬರುವುದಿಲ್ಲ. ಪರದೆಯಲ್ಲಿ ಚಿತ್ರ ಸೀಳಿದ ಹಾಗೆ ಕಾಣುವುದಿಲ್ಲ, ತಡವೂ ಅತಿ ಕಡಿಮೆ.

ಶುದ್ಧ ತಡದ ಲೆಕ್ಕದಲ್ಲಿ ಎಲ್ಲ ಆಫ್ ಮಾಡಿ 300 ಎಫ್‌ಪಿಎಸ್ ಓಡಿಸುವುದು ಈಗಲೂ ಒಂದು ಕೂದಲೆಳೆ ಮುಂದೆ. 165 ಹರ್ಟ್ಸ್ ಪರದೆಯೇ ಆದರೂ ಅದಕ್ಕೆ ಸಿಗುವ ಚಿತ್ರ ಹೆಚ್ಚು ತಾಜಾ ಇರುತ್ತದೆ. ಆದರೆ ಏಳುಬೀಳಿಲ್ಲದೆ ಓಡುವುದು ಮುಖ್ಯ ಅನ್ನುವವರಿಗೆ ನಾನು ಮೂರನ್ನೂ ಹಾಕಿ ಅನ್ನುತ್ತೇನೆ.

ತಂತಿಜಾಲ
ನಾನು ಹಾಕುವುದಿಲ್ಲ.

ಫ್ರೇಮ್_ಲೆಕ್ಕಿಗ
ನಿಮಗ್ಯಾರು ಹಾಕಿ ಅಂದರು?

ಹೊಸಬ_77
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಲ್ಯಾಪ್‌ಟಾಪ್. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಎಫ್‌ಪಿಎಸ್ ಅರ್ಧಕ್ಕೆ ಬೀಳುತ್ತದೆ. ಇದಕ್ಕೂ ಎಕ್ಸ್‌ಎಂಪಿನಾ?

ಬಯೋಸ್_ಬಸಣ್ಣ
ಅಲ್ಲ ತಮ್ಮಾ. ಹತ್ತು ನಿಮಿಷ ಅಂದರೆ ಬಿಸಿ. ಪ್ರೊಸೆಸರ್ 95, 100 ಡಿಗ್ರಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಿಂಭಾಗ ಸ್ವಲ್ಪ ಎತ್ತರಿಸಿ ಇಡಿ, ಗಾಳಿ ಹೋಗಲಿ. ಹಾಸಿಗೆ ಮೇಲೆ ಇಟ್ಟು ಆಡಬೇಡಿ. ಫ್ಯಾನ್ ಧೂಳು ತೆಗೆಸಿ ಎಷ್ಟು ದಿನ ಆಯಿತು? ಮೂರ್ನಾಲ್ಕು ವರ್ಷ ಹಳೆಯದಾದರೆ ಥರ್ಮಲ್ ಪೇಸ್ಟ್ ಕೂಡ ಒಣಗಿರಬಹುದು. ಚಾರ್ಜರ್ ಹಾಕಿಯೇ ಆಡಬೇಕು. ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಬೇಕಾದಷ್ಟು ವಿದ್ಯುತ್ ಸಿಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಮಕ್ಸ್ ಸ್ವಿಚ್ ಇದ್ದರೆ ನೇರ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಇಲ್ಲದಿದ್ದರೆ ಪ್ರತಿ ಫ್ರೇಮ್ ಒಳಗಿನ ಗ್ರಾಫಿಕ್ಸ್ ಮೂಲಕ ಸುತ್ತುಹಾಕಿಕೊಂಡು ಪರದೆಗೆ ಬರುತ್ತದೆ.

ಹೊಸಬ_77
ಹಾಸಿಗೆ ಮೇಲೆ ಇಟ್ಟುಕೊಂಡೇ ಆಡುತ್ತಿದ್ದೆ 😶

ಲ್ಯಾಗಾಸುರ
ಬಂದೆ! ಬಸಣ್ಣನವರು ಹೇಳಿದ ಹಾಗೇ ಆಗಿತ್ತು. ರ‍್ಯಾಮ್ 1 ಮತ್ತು 2ರಲ್ಲಿ ಅಕ್ಕಪಕ್ಕ ಕೂತಿತ್ತು. ಜೋಡಿಸಿದವನು ನಾನೇ, ಬೇರೆ ಯಾರಿಗೂ ಬೈಯುವ ಹಾಗಿಲ್ಲ. ಬದಲಿಸಿದೆ. ಎಕ್ಸ್‌ಎಂಪಿ ಆನ್ ಮಾಡಿದೆ. ಮೊದಲ ಸಲ ಪರದೆ ಬರಲು ಹೊತ್ತು ಹಿಡಿದು ಎದೆ ಧಸಕ್ಕೆಂದಿತು, ಆಮೇಲೆ ಬಂತು. ಈಗ ಸರಾಸರಿ 291, 1% ಲೋ 118. ಮ್ಯಾಪ್ ಉದ್ದಕ್ಕೂ ಓಡಾಡಿದರೆ ಬೇರೆಯದೇ ಕಂಪ್ಯೂಟರ್ ಅನಿಸುತ್ತದೆ.

ಆದರೆ ಆ ತಿರುಗುವಾಗಿನ ಜರ್ಕ್ ಪೂರ್ತಿ ಹೋಗಿಲ್ಲ. ಕಡಿಮೆಯಾಗಿದೆ. ಇದೆ.

ಕುರುಡು_ಸ್ನೈಪರ್
ಶೇಡರ್ (ಬೆಳಕು, ಹೊಗೆ, ಬೆಂಕಿ ಬಿಡಿಸುವ ಪುಟ್ಟ ಪ್ರೋಗ್ರಾಂ) ಇರಬಹುದಾ? ಡ್ರೈವರ್ ಹೊಸದಾಗಿ ಹಾಕಿದ ಮೇಲೆ ಹಳೆಯ ಶೇಡರ್ ಕ್ಯಾಶ್ ಹೋಗಿರುತ್ತದೆ. ಆಟ ಅದನ್ನು ಮತ್ತೆ ಕಟ್ಟಿಕೊಳ್ಳಬೇಕು. ಮೊದಲ ಸಲ ಹೊಗೆ ಬಾಂಬ್ ಒಡೆದಾಗ, ಮೊದಲ ಸಲ ಬೆಂಕಿ ಹತ್ತಿದಾಗ ಒಂದು ಕ್ಷಣ ನಿಲ್ಲುತ್ತದೆ. ಎರಡು ಮೂರು ಆಟ ಆದ ಮೇಲೆ ಸರಿಹೋಗುತ್ತದೆ.

ಲ್ಯಾಗಾಸುರ
ಡ್ರೈವರ್ ಹಾಕಿ ಹತ್ತು ದಿನ ಆಯಿತು. ಮೂವತ್ತು ಆಟವಾದರೂ ಆಡಿರುತ್ತೇನೆ.

ಟ್ವೀಕ್_ರಾಜ
ನಾನು ಹೇಳಿದ್ದು ಮಾಡಿದ್ದರೆ ಇಷ್ಟೊತ್ತಿಗೆ ಮುಗಿಯುತ್ತಿತ್ತು.

ಮೂಲೆಯಲ್ಲಿ_ಕೂತವ
ಎಕ್ಸ್‌ಬಾಕ್ಸ್ ಗೇಮ್ ಬಾರ್‌ನ ಹಿನ್ನೆಲೆ ರೆಕಾರ್ಡಿಂಗ್ ನೋಡಿ. ಚಾಟ್ ಆಪ್‌ನ ಓವರ್‌ಲೇ ನೋಡಿ. ಬ್ರೌಸರ್‌ನಲ್ಲಿ ವಿಡಿಯೊ ಓಡುತ್ತಿದೆಯಾ? ಎರಡನೇ ಮಾನಿಟರ್ ಇದೆಯಾ?

ಲ್ಯಾಗಾಸುರ
ಎಲ್ಲ ಆಫ್. ಒಂದೇ ಮಾನಿಟರ್.

ಕುಹಕಿ
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಲ್ಯಾಗಾಸುರ
ಅದನ್ನೂ ಯೋಚಿಸಿದ್ದೇನೆ ಗುರು. ಆದರೆ ಗ್ರಾಫ್‌ನಲ್ಲಿ ಮುಳ್ಳು ಕಾಣುತ್ತಿದೆಯಲ್ಲ!

ಸುಮ್ನಿರೋನು
ಸತ್ತ ಮೇಲೆ ನೀರು ಹರಿದ ಹಾಗೆ ಓಡುತ್ತದೆ ಅಂದಿರಿ. ಸತ್ತ ಮೇಲೆ ಮೌಸ್ ಅಲ್ಲಾಡಿಸುತ್ತೀರಾ?

ಲ್ಯಾಗಾಸುರ
ಇಲ್ಲ. ಕೈ ಕಟ್ಟಿ ಕೂತಿರುತ್ತೇನೆ. ಯಾಕೆ?

ಸುಮ್ನಿರೋನು
ಹೊಸ ಮೌಸ್ ಪೋಲಿಂಗ್ ರೇಟ್ ಎಷ್ಟು?

ಫ್ರೇಮ್_ಲೆಕ್ಕಿಗ
ಅಯ್ಯೋ. ಮೊದಲನೇ ಪೋಸ್ಟ್‌ನಲ್ಲೇ ಬರೆದಿದ್ದಾರಲ್ಲ, ಹೋದ ತಿಂಗಳು ಹೊಸ ಮೌಸ್ ಅಂತ. ನಾವ್ಯಾರೂ ಗಮನಿಸಲೇ ಇಲ್ಲ.

ಲ್ಯಾಗಾಸುರ
8000. ಜಾಸ್ತಿ ಇದ್ದರೆ ಒಳ್ಳೆಯದು ಅಂತ ನಾನೇ ಏರಿಸಿದ್ದೆ.

ಫ್ರೇಮ್_ಲೆಕ್ಕಿಗ
ಸುಮ್ನಿರೋನು ಅವರಿಗೆ ದೊಡ್ಡ ನಮಸ್ಕಾರ.

ಗೊತ್ತಿಲ್ಲದವರಿಗೆ: 1000 ಹರ್ಟ್ಸ್ ಅಂದರೆ ಮೌಸ್ 1 ಮಿಲಿಸೆಕೆಂಡಿಗೆ ಒಂದು ಸಲ "ನಾನು ಇಲ್ಲಿದ್ದೇನೆ" ಅಂತ ಹೇಳುತ್ತದೆ. 8000 ಅಂದರೆ 0.125 ಮಿಲಿಸೆಕೆಂಡಿಗೆ ಒಂದು ಸಲ. ಪ್ರತಿ ಸಲವೂ ಪ್ರೊಸೆಸರ್ ಕೈಲಿದ್ದ ಕೆಲಸ ಬಿಟ್ಟು "ಹೂಂ, ಕೇಳಿಸಿತು" ಅನ್ನಬೇಕು. ಮೌಸ್ ಸುಮ್ಮನಿದ್ದಾಗ ಈ ಗಲಾಟೆ ಇಲ್ಲ. ಸರ್ರನೆ ತಿರುಗಿಸಿದಾಗ ಮಾತ್ರ ಪೂರ್ತಿ ಪ್ರವಾಹ. ಮೊದಲೇ ಪ್ರೊಸೆಸರ್ ಮೇಲೆ ಭಾರ ಬಿದ್ದಿರುವ ಆಟ. ಎದುರಾಳಿ ಕಂಡಾಗಲೇ ನೀವು ತಿರುಗುವುದು. ಅದಕ್ಕೇ ಸರಿಯಾಗಿ ಬೇಕಾದ ಕ್ಷಣಕ್ಕೇ ಜರ್ಕ್!

1000ಕ್ಕೆ ಇಳಿಸಿ. ಬೇರೆ ಏನನ್ನೂ ಮುಟ್ಟಬೇಡಿ. ಮತ್ತೆ ಅಳೆಯಿರಿ.

ಗುರಿಗಾತಿ
ಕೈ ಹಾಕಿದ್ದೇ ಹಾಕಿದ್ದು, ವಿಂಡೋಸ್ ಮೌಸ್ ಸೆಟ್ಟಿಂಗ್‌ನ ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್ ಕೂಡ ತೆಗೆದುಬಿಡಿ. ಹೆಸರಿಗೆ ಪ್ರಿಸಿಶನ್, ಮಾಡುವುದು ಮೌಸ್ ವೇಗದ ಮೇಲೆ ದೂರ ಬದಲಿಸುವುದು.

ಫ್ರೇಮ್_ಲೆಕ್ಕಿಗ
ಈಗಲೇ ಬೇಡ ಮೇಡಂ! ಒಂದು ಸಲಕ್ಕೆ ಒಂದೇ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಸಿಎಸ್2 ಹೇಗೂ ಮೌಸ್‌ನ ಕಚ್ಚಾ ಮಾಹಿತಿಯನ್ನೇ ಓದುತ್ತದೆ, ಆಟದೊಳಗೆ ಆ ಟಿಕ್ ಏನೂ ಮಾಡುವುದಿಲ್ಲ.

ಸ್ಟ್ರೆಚ್_ಪ್ರೇಮಿ
ಹಾಗಾದರೆ 8000 ಹರ್ಟ್ಸ್ ಮೌಸ್ ಮಾರುವುದೇ ಮೋಸವಾ?

ಬಯೋಸ್_ಬಸಣ್ಣ
ಮೋಸ ಅಲ್ಲ. ಎಕ್ಸ್3ಡಿ ಥರದ ಗಟ್ಟಿ ಪ್ರೊಸೆಸರ್ ಇದ್ದು, 360 ಹರ್ಟ್ಸ್ ಮೇಲಿನ ಪರದೆ ಇದ್ದವರು ಬೇಕಾದರೆ ಹಾಕಿಕೊಳ್ಳಲಿ. 5800ಎಕ್ಸ್3ಡಿ 2022ರಲ್ಲಿ ಬಂದಾಗ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 96 ಎಂಬಿ, ನಮ್ಮ 5600ರದ್ದು 32. ಇಂಥ ಆಟಗಳಿಗೆ ಕ್ಯಾಶ್ ಅಂದರೆ ಪ್ರಾಣ. ನನ್ನ ಕೇಳಿದರೆ 1000ಕ್ಕೂ 8000ಕ್ಕೂ ಇರುವ ವ್ಯತ್ಯಾಸ ನನ್ನ ವಯಸ್ಸಿನ ಕೈಗೆ ತಿಳಿಯುವುದಿಲ್ಲ.

ತಂತಿಜಾಲ
ನೆಟ್ ಬಗ್ಗೆ ನಾನು ಹೇಳಿದ್ದು ಪೂರ್ತಿ ತಪ್ಪಲ್ಲ ಅಂತ ದಾಖಲಿಸುತ್ತೇನೆ. ಮನೆಯಲ್ಲಿ ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗ ನಿಮ್ಮ ಪಿಂಗ್ (ಸರ್ವರ್‌ಗೆ ಹೋಗಿ ಬರುವ ಹೊತ್ತು, ಮಿಲಿಸೆಕೆಂಡಿನಲ್ಲಿ) 20ರಿಂದ 200ಕ್ಕೆ ಹಾರಿದರೆ ಅದು ಬಫರ್‌ಬ್ಲೋಟ್. ರೌಟರ್ ಒಳಗೆ ಸರದಿ ಉದ್ದವಾಗಿ ಆಟದ ಪುಟ್ಟ ಪ್ಯಾಕೆಟ್‌ಗಳು ಹಿಂದೆ ಸಿಕ್ಕಿಬೀಳುತ್ತವೆ. ರೌಟರ್‌ನಲ್ಲಿ ಎಸ್‌ಕ್ಯೂಎಂ (ಆ ಸರದಿ ಉದ್ದವಾಗದ ಹಾಗೆ ನೋಡಿಕೊಳ್ಳುವ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಇಡಿ.

ಫ್ರೇಮ್_ಲೆಕ್ಕಿಗ
ಇದು ಒಳ್ಳೆಯ ಮಾತು. ಈ ಚರ್ಚೆಗೆ ಸಂಬಂಧ ಇಲ್ಲ, ಆದರೂ ಒಳ್ಳೆಯ ಮಾತು.

ಲ್ಯಾಗಾಸುರ
ಮೌಸ್ 1000ಕ್ಕೆ ಇಳಿಸಿ ಮೂರು ಡೆತ್‌ಮ್ಯಾಚ್ ಆಡಿದೆ. ಸರಾಸರಿ ಹೆಚ್ಚೇನೂ ಬದಲಾಗಿಲ್ಲ, 296. 1% ಲೋ 164! ಬೇಕೆಂದೇ ಹುಚ್ಚನ ಹಾಗೆ ಗಿರಗಿರ ತಿರುಗಿದೆ, ಗ್ರಾಫ್‌ನಲ್ಲಿ ಮುಳ್ಳೇ ಇಲ್ಲ. ಆಮೇಲೆ ಖಾತ್ರಿ ಮಾಡಿಕೊಳ್ಳಲು ಮತ್ತೆ 8000ಕ್ಕೆ ಏರಿಸಿದೆ. ಮುಳ್ಳು ವಾಪಸ್. ಮತ್ತೆ ಇಳಿಸಿದೆ, ಹೋಯಿತು. ಇನ್ನು ಅನುಮಾನವೇ ಇಲ್ಲ.

ಗುರಿಗಾತಿಯವರು ಹೇಳಿದ ನೆರಳು ಕೂಡ ಆನ್ ಮಾಡಿದೆ. ಎಫ್‌ಪಿಎಸ್ ಹತ್ತು ಕೂಡ ಇಳಿಯಲಿಲ್ಲ. ಮೊದಲ ಸಲ ಒಬ್ಬನ ನೆರಳು ನೋಡಿ ಕಾದು ಕೂತೆ. ಅವನು ಬಂದ. ಗುರಿ ತಪ್ಪಿತು.

ಕುಹಕಿ
ಈಗ ನೆಲ ಸರಿಯಾಯಿತಲ್ಲ.

ಲ್ಯಾಗಾಸುರ
ಹೌದು ಸ್ವಾಮಿ, ಇನ್ನು ಕುಣಿಯುವುದು ಕಲಿಯುತ್ತೇನೆ 😂

ಹೊಸಬ_77
ಲ್ಯಾಪ್‌ಟಾಪ್ ಮೇಜಿನ ಮೇಲೆ ಇಟ್ಟೆ. ಹಿಂದೆ ಎರಡು ಪುಸ್ತಕ ಒತ್ತು ಕೊಟ್ಟೆ. 98 ಡಿಗ್ರಿ ಇದ್ದದ್ದು 87ಕ್ಕೆ ಬಂತು. ಬಸಣ್ಣ ಸರ್, ಅಷ್ಟಕ್ಕೇ ಇಷ್ಟಾ?

ಬಯೋಸ್_ಬಸಣ್ಣ
ಧೂಳು ತೆಗೆಸಿದರೆ ಇನ್ನೂ ಇಳಿಯುತ್ತದೆ. ಗಾಳಿ ಹೋಗುವ ಜಾಲರಿಯನ್ನು ಪುಸ್ತಕ ಮುಚ್ಚದ ಹಾಗೆ ನೋಡಿಕೊಳ್ಳಿ.

ಟ್ವೀಕ್_ರಾಜ
ಸರಿ, ಒಪ್ಪಿಕೊಳ್ಳುತ್ತೇನೆ. ನಿನ್ನೆ ರಾತ್ರಿ ಕ್ಯಾಪ್‌ಫ್ರೇಮ್‌ಎಕ್ಸ್ ಹಾಕಿದೆ. ನನ್ನ ಟ್ವೀಕ್ ಎಲ್ಲ ಇಟ್ಟುಕೊಂಡು ಐದು ಸಲ ಅಳೆದೆ, ಎಲ್ಲ ತೆಗೆದು ಐದು ಸಲ ಅಳೆದೆ. 1% ಲೋ ಹೆಚ್ಚುಕಮ್ಮಿ ಅಷ್ಟೇ. ಒಂದು ಸಲ ಅದು ಮುಂದೆ, ಒಂದು ಸಲ ಇದು ಮುಂದೆ. ಮೌಸ್ ಪೋಲಿಂಗ್ ನೋಡಿದರೆ ನನ್ನದೂ 8000ರಲ್ಲೇ ಇತ್ತು. ಇಳಿಸಿದೆ. ಅದರಿಂದ ಮಾತ್ರ ಫರಕ್ ಬಂತು. ಈ ಸಲ ಅಳೆದೇ ಹೇಳುತ್ತಿದ್ದೇನೆ.

ಎಲ್ಲ ತೆಗೆದಿದ್ದೇನೆ. -ಹೈ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಹತ್ತು ವರ್ಷದಿಂದ ಜೊತೆಗಿದೆ, ತೆಗೆಯಲು ಮನಸ್ಸು ಬರುತ್ತಿಲ್ಲ.

ಬಯೋಸ್_ಬಸಣ್ಣ
ಇರಲಿ ಬಿಡಿ ರಾಜಣ್ಣ.